ತಿಥಿ ಅಡುಗೆಯ ತುಂಗಕ್ಕ ಹೊರಗೆ ಕೂತದ್ದು

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಈ ಮೂರು ತಾಲೂಕಿನಲ್ಲಿ ಯಾರ ಮನೆಯ ಹಿರಿಯರು ಯಾವ ತಿಥಿಗೆ ತೀರಿಕೊಂಡರು ಅನ್ನುವುದು ಆ ಮನೆಯವರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅಡ್ಡಗದ್ದೆಯ ತುಂಗಕ್ಕನಿಗೆ. "ನಿಮ್ಮ ಮಾವನದ್ದು ಬಹುಳ ಪಂಚಮಿ ಅಲ್ದಾ? ಚತುರ್ಥಿ ಅಂತ ಎಂತಕ್ಕೆ ಹೇಳ್ತೀರಿ?" ಎಂದು ಫೋನಿನಲ್ಲೇ ಗದರಿಸುವಳು. ಆ ಕಡೆಯವರು ಪಂಚಾಂಗ ತೆಗೆದು ನೋಡಿದರೆ ಇವಳದ್ದೇ ಸರಿ ಇರುತ್ತಿತ್ತು.

ಅವಳ ಕೆಲಸವೇ ಅದು, ಶ್ರಾದ್ಧದ ಅಡುಗೆ. ಮದುವೆ ಮುಂಜಿಗೆ ಅಡುಗೆಭಟ್ಟರು ಬೇಕಾದಷ್ಟು ಸಿಗುತ್ತಾರೆ. ಕೊಪ್ಪರಿಗೆ, ಸಹಾಯಕರು, ಗದ್ದಲ ಎಲ್ಲ ಕಟ್ಟಿಕೊಂಡು ಲಾರಿಯಲ್ಲಿ ಬಂದು ಇಳಿಯುತ್ತಾರೆ. ತಿಥಿಗೆ ಹಾಗಲ್ಲ. ಹತ್ತು ಹದಿನೈದು ಎಲೆಯ ಅಡುಗೆ. ಕೋಸು ಬಟಾಟೆ ಸೇರಿಸುವಂತಿಲ್ಲ, ಮೆಣಸಿನಕಾಯಿ ಹಾಕುವಂತಿಲ್ಲ, ಎಲ್ಲದಕ್ಕೂ ಕಾಳುಮೆಣಸಿನದ್ದೇ ಖಾರ. ಮಿಂದು ಒದ್ದೆ ಸೀರೆಯಲ್ಲಿ ಒಲೆಯೆದುರು ಕೂತರೆ ಮುಗಿಯುವ ತನಕ ಯಾರನ್ನೂ ಮುಟ್ಟಬಾರದು, ಮಾತೂ ಆಡಬಾರದು. ಮತ್ತೆ ಗಂಡಸರು ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ಅಡುಗೆ ಮಾಡುವವಳು ಮುಟ್ಟು ನಿಂತವಳಾಗಿದ್ದರೆ ಅನುಕೂಲ. ಇವತ್ತು ಬರುತ್ತೇನೆ ಎಂದು ಒಪ್ಪಿಕೊಂಡು, ನಾಳೆ ಬೆಳಿಗ್ಗೆ 'ನಾನು ಹೊರಗೆ' ಎಂದು ಮೂರು ದಿನ ಜಗಲಿಯ ಮೂಲೆಯಲ್ಲಿ ಕೂತುಬಿಟ್ಟರೆ ಆ ಮನೆಯ ಯಜಮಾನ ಯಾರ ಕಾಲು ಹಿಡಿಯಬೇಕು?

ತುಂಗಕ್ಕನಿಗೆ ನಲವತ್ತೊಂಬತ್ತಕ್ಕೆ ನಿಂತಿತು. ಬೇರೆ ಹೆಂಗಸರು ವಯಸ್ಸಾಯಿತಲ್ಲ ಎಂದು ನಿಟ್ಟುಸಿರುಬಿಡುವ ಹೊತ್ತಿನಲ್ಲಿ ಇವಳು ಸೆರಗು ಬಿಗಿದು ಕೆಲಸ ಶುರುಮಾಡಿದಳು. ಮಕ್ಕಳಿರಲಿಲ್ಲ. ಗಂಡ ಗಣಪಯ್ಯ ಅಂಚೆ ಹಂಚುವ ಕೆಲಸದಲ್ಲಿದ್ದು ನಿವೃತ್ತರಾದವರು. ಇಪ್ಪತ್ತೆಂಟು ವರ್ಷ ಬೇರೆಯವರ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿಯೂ ತಮ್ಮ ಬಾಯಿಂದ ಒಂದು ಸುದ್ದಿ ಹೇಳದ ಮನುಷ್ಯ. ಹೆಂಡತಿ ಹತ್ತು ಮಾತಾಡಿದರೆ ಅವರದ್ದು ಒಂದು 'ಹೂಂ'. ಎಂಟು ವರ್ಷದಲ್ಲಿ ತುಂಗಕ್ಕನ ಕೈಯ ವಡೆಗೆ ಎಂಥಾ ಹೆಸರಾಯಿತೆಂದರೆ, ಪುರೋಹಿತರೇ ಮೊದಲು ಅವಳಿಗೆ ಫೋನು ಮಾಡಿ ಆಮೇಲೆ ಮನೆಯವರಿಗೆ ತಾವು ಬರುವ ಹೊತ್ತು ಹೇಳುತ್ತಿದ್ದರು.

ಎರಡು ಸಾವಿರದ ಐದರ ಪುಷ್ಯ ಮಾಸದಲ್ಲಿ ಹಿರೇಕೊಡಿಗೆಯ ವಿಘ್ನೇಶ್ವರ ಭಟ್ಟರ ಮನೆಯಲ್ಲಿ ಅವರ ತಂದೆಯ ತಿಥಿ ಬಂತು. ಆ ಮನೆಯ ಹಿರಿಯಾಕೆ ಭಟ್ಟರ ತಾಯಿ ಅನ್ನಪೂರ್ಣೇಶ್ವರಮ್ಮ. ಎಪ್ಪತ್ತರ ಹತ್ತಿರದವರು, ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರ ಬಾಯಿಗೆ ಬಿದ್ದ ಮಾತು ಮಧ್ಯಾಹ್ನದ ಊಟದೊಳಗೆ ಬಸರೀಕಟ್ಟೆ ದಾಟುತ್ತದೆ ಎಂದು ಊರವರು ಹೇಳುವುದು ಪೂರ್ತಿ ಸುಳ್ಳಲ್ಲ.

ತುಂಗಕ್ಕ ಬೆಳಕು ಹರಿಯುವ ಮೊದಲೇ ಮಿಂದು ಒಲೆ ಹಚ್ಚಿದ್ದಳು. ಹನ್ನೊಂದರ ಸುಮಾರಿಗೆ ಎಲ್ಲ ಮುಗಿಯಿತು. ವಡೆ ಆಗಿತ್ತು, ಸುಕ್ಕಿನುಂಡೆ ಆಗಿತ್ತು, ಪಾಯಸ ಇಳಿಸಿಯಾಗಿತ್ತು. ಇನ್ನು ಬಡಿಸುವುದು ಮನೆಯ ಗಂಡಸರ ಕೆಲಸ. ಅವಳು ಎದ್ದು ಬಚ್ಚಲ ಕಡೆ ಹೋದಳು. ಮೂತ್ರಕ್ಕೆ ಕೂತವಳು ಏಳುವಾಗ ನೋಡುತ್ತಾಳೆ, ಕಲ್ಲಿನ ಮೇಲೆಲ್ಲ ಕೆಂಪು. ಹೊಟ್ಟೆ ನೋವಿಲ್ಲ, ಉರಿಯಿಲ್ಲ, ಸೊಂಟ ಹಿಡಿದದ್ದಿಲ್ಲ. ಬರೀ ಕೆಂಪು. ಚೆಂಬಿನಲ್ಲಿ ನೀರು ಹೊಯ್ದಳು, ಅದು ಕಾಲುವೆಗೆ ಹರಿದು ಹೋಯಿತು. ಎಂಟು ವರ್ಷದ ಹಿಂದೆ ನಿಂತದ್ದು ತಿರುಗಿ ಬಂದಿದೆ, ಅದೂ ಇವತ್ತು, ಇಲ್ಲಿ.

ಹೇಳಿದರೆ ಎಂತಾಗುತ್ತದೆ ಎನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಡಿದ ಅಡುಗೆಯೆಲ್ಲ ದನದ ಬಾಣಿಗೆ. ಮತ್ತೊಂದು ಸಲ ಒಲೆ ಹಚ್ಚಬೇಕು, ಹಸಿದ ಬ್ರಾಹ್ಮಣರು ಸಂಜೆಯ ತನಕ ಕಾಯಬೇಕು. ಅನ್ನಪೂರ್ಣೇಶ್ವರಮ್ಮ ಅಂಗಳದಲ್ಲಿ ನಿಂತು ಬಾಯಿ ತೆಗೆದರೆ ತುಂಗಕ್ಕನ ಕೆಲಸ ಅಲ್ಲಿಗೆ ಮುಗಿಯಿತು. ಅವಳು ಹೇಳಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಊಟಕ್ಕೆ ಕರೆದಾಗ ತಲೆ ಸುತ್ತುತ್ತಿದೆ ಎಂದು ಒಂದು ಲೋಟ ಮಜ್ಜಿಗೆ ಕುಡಿದು ಎರಡು ಗಂಟೆಯ ಬಸ್ಸು ಹಿಡಿದಳು.

ಮನೆಗೆ ಬಂದವಳು ಅಂಗಳದಲ್ಲೇ ನಿಂತು, "ನಾನು ಹೊರಗೆ" ಎಂದಳು.

ಗಣಪಯ್ಯ ಕನ್ನಡಕ ತೆಗೆದರು. "ಎಂತ?"

"ಹೊರಗೆ ಅಂದೆನಲ್ಲ. ಎಷ್ಟು ಸಲ ಹೇಳಬೇಕು?"

ಅವರು ಮನಸ್ಸಿನಲ್ಲೇ ಹೆಂಡತಿಯ ವಯಸ್ಸು ಲೆಕ್ಕ ಹಾಕಿದರು. ಐವತ್ತೇಳು. ಆದರೂ ಏನೂ ಕೇಳದೆ ಒಳಗೆ ಹೋಗಿ ಒಲೆ ಊದಿದರು. ಮೂರು ದಿನ ಅವರೇ ಅಡುಗೆ ಮಾಡಿ ದೂರದಿಂದ ಎಲೆಗೆ ಬಡಿಸಿದರು. ಸಾರಿಗೆ ಒಂದು ದಿನ ಉಪ್ಪಿಲ್ಲ, ಇನ್ನೊಂದು ದಿನ ಬರೀ ಉಪ್ಪು. ಜಗಲಿಯ ಮೂಲೆಯಿಂದ ತುಂಗಕ್ಕ ಬೈಯುವುದು, ಒಳಗಿನಿಂದ ಗಣಪಯ್ಯ ಹೂಂಗುಟ್ಟುವುದು. ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಕೆಂಪು ನಿಂತಿತ್ತು. ಉಟ್ಟ ಬಟ್ಟೆಗೆ ಒಂದು ಕಲೆಯೂ ಇರಲಿಲ್ಲ. ವಯಸ್ಸಾದ ಮೇಲೆ ಬಂದದ್ದು, ಇನ್ನೆಷ್ಟು ಬರಲು ಸಾಧ್ಯ ಎಂದುಕೊಂಡಳು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಬಂದದ್ದು, ಕೂತದ್ದು, ಮಿಂದದ್ದು ಎಲ್ಲ ಕ್ರಮಪ್ರಕಾರ ನಡೆದುಹೋದದ್ದರಿಂದ ಅದು ಬೇರೆ ಏನಾದರೂ ಆಗಿರಬಹುದು ಎನ್ನುವ ಅನುಮಾನವೇ ಅವಳಿಗೆ ಬರಲಿಲ್ಲ.

ಬಂದ ಸಂಕಟವೇ ಬೇರೆ. ಮುಟ್ಟಾದ ಕೈಯ ಅಡುಗೆಯನ್ನು ಒಬ್ಬರ ಪಿತೃಗಳಿಗೆ ಬಡಿಸಲು ಬಿಟ್ಟೆನಲ್ಲ ಎಂಬ ಸಂಕಟ. ಎರಡು ಏಕಾದಶಿ ನೀರೂ ಕುಡಿಯದೆ ಉಪವಾಸ ಮಾಡಿದಳು. ವಿಘ್ನೇಶ್ವರ ಭಟ್ಟರ ದನ ಕಾಲು ಮುರಿದುಕೊಂಡಿತೆಂದು ಯಾರೋ ಹೇಳಿದಾಗ ಅದು ತನ್ನಿಂದಲೇ ಎಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಗಂಡನಿಗೂ ಕಾರಣ ಹೇಳಲಿಲ್ಲ.

ಜ್ಯೇಷ್ಠದಲ್ಲಿ ಮತ್ತೊಮ್ಮೆ ಬಂತು. ಪುಣ್ಯಕ್ಕೆ ಅವತ್ತು ಮನೆಯಲ್ಲೇ ಇದ್ದಳು. ಎರಡು ದಿನ ಕಂಡು ನಿಂತಿತು. ಮತ್ತೆ ಮೂರು ದಿನ ಜಗಲಿ, ಮತ್ತೆ ಗಣಪಯ್ಯನ ಸಾರು. ಈ ನಡುವೆ ಎಡಪಕ್ಕೆಯ ಹಿಂದೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಭಾರ ಹೊತ್ತ ಹಾಗೆ ಮಂದವಾಗಿ ಎಳೆಯುತ್ತಿತ್ತು. ಒರಳಿನಲ್ಲಿ ಉದ್ದು ರುಬ್ಬುವವಳಿಗೆ ಪಕ್ಕೆ ಎಳೆಯದೆ ಇನ್ನೆಂತ ಎಂದು ಎಣ್ಣೆ ತಿಕ್ಕಿಕೊಂಡಳು. ರವಿಕೆ ಸಡಿಲವಾಯಿತು, ತೋಳಿನ ಹತ್ತಿರ ಪಿನ್ನು ಹಾಕಿಕೊಂಡಳು.

"ಸಣ್ಣಾಗಿದ್ದೀ" ಎಂದರು ಗಣಪಯ್ಯ.

"ಆಗದೆ ಎಂತ ಮಾಡ್ಲಿ, ನಿಮ್ಮ ಸಾರು ಉಂಡು?"

ಭಾದ್ರಪದ ಹತ್ತಿರ ಬಂತು. ಆ ತಿಂಗಳ ಕೃಷ್ಣಪಕ್ಷದ ಹದಿನೈದು ದಿನವೂ ಪಿತೃಗಳದ್ದು. ಊರಲ್ಲಿ ಬರೀ 'ಪಕ್ಷ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ತುಂಗಕ್ಕ ಹನ್ನೊಂದು ಮನೆ ಒಪ್ಪಿಕೊಂಡಿದ್ದಳು. ಈ ಹಾಳು ಮುಟ್ಟು ಹೇಳದೆ ಕೇಳದೆ ಆ ಹದಿನೈದು ದಿನದಲ್ಲೇ ಬಂದರೆ? ನಿದ್ದೆ ಹತ್ತಲಿಲ್ಲ. ಆಗ ಒಂದು ದಾರಿ ಹೊಳೆಯಿತು. ಮನೆಯಲ್ಲಿ ಮದುವೆ, ವ್ರತ ಬಂದಾಗ ಹರೆಯದ ಹೆಂಗಸರು ಮುಟ್ಟು ಮುಂದೆ ಹಾಕುವ ಮಾತ್ರೆ ನುಂಗುತ್ತಾರಲ್ಲ. ತಾನೂ ನುಂಗಿದರಾಯಿತು. ಕೊಪ್ಪದಲ್ಲಿ ಶ್ವೇತ ಅಂತ ಒಬ್ಬರು ಲೇಡಿ ಡಾಕ್ಟ್ರು ಬಂದಿದ್ದಾರೆ, ಸಮಾಧಾನದಲ್ಲಿ ಕೇಳುತ್ತಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಗಣಪಯ್ಯನನ್ನು ಎಬ್ಬಿಸಿಕೊಂಡು ಹೊರಟಳು.

ಡಾಕ್ಟ್ರಮ್ಮ ಸಣ್ಣ ವಯಸ್ಸಿನವರು, ಬಾಳೆಹೊನ್ನೂರು ಕಡೆಯ ಹುಡುಗಿ. ತುಂಗಕ್ಕ ಕೂತವಳೇ, "ಮುಟ್ಟು ಮುಂದೆ ಹಾಕುವ ಮಾತ್ರೆ ಕೊಡಿ. ಹದಿನೈದು ದಿನಕ್ಕೆ ಬೇಕು" ಎಂದಳು.

"ಯಾರಿಗಮ್ಮ?"

"ನನಗೇ."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. ನಗಲಿಲ್ಲ. ವಯಸ್ಸು ಕೇಳಿದರು, ನಿಂತು ಎಷ್ಟು ವರ್ಷವಾಯಿತು ಎಂದು ಕೇಳಿದರು. ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದಕ್ಕೆ ಮಾತ್ರೆ ಕೊಟ್ಟು ಸುಮ್ಮನೆ ಕೂರುವಂತಿಲ್ಲ, ನೋಡಲೇಬೇಕು ಎಂದು ಒಳಗೆ ಮಲಗಿಸಿ ಪರೀಕ್ಷೆ ಮಾಡಿದರು. ಬಿ.ಪಿ. ಸ್ವಲ್ಪ ಹೆಚ್ಚಿತ್ತು. ಗರ್ಭಕೋಶದಲ್ಲಿ ಅವರಿಗೆ ದೋಷ ಕಾಣಲಿಲ್ಲ. ಕೈ ತೊಳೆದು ಬಂದು ಇನ್ನೊಂದು ಪ್ರಶ್ನೆ ಕೇಳಿದರು. ತುಂಗಕ್ಕನನ್ನು ಅದುವರೆಗೆ ಯಾರೂ ಕೇಳದ, ಅವಳೂ ತನ್ನನ್ನು ಕೇಳಿಕೊಳ್ಳದ ಪ್ರಶ್ನೆ.

"ರಕ್ತ ನಿಮಗೆ ಯಾವಾಗ ಕಾಣೋದು? ಉಟ್ಟ ಬಟ್ಟೆಗೆ ಆಗ್ತದಾ, ಇಲ್ಲ ಮೂತ್ರ ಮಾಡುವಾಗ ಮಾತ್ರವಾ?"

ತುಂಗಕ್ಕ ಯೋಚಿಸಿದಳು. ಎರಡೂ ಸಲ ಮೂರು ಮೂರು ದಿನ ಜಗಲಿಯಲ್ಲಿ ಕೂತದ್ದು ನೆನಪಾಯಿತು. "ಬಟ್ಟೆಗೆ ಆಗಿಲ್ಲ. ಮೂತ್ರಕ್ಕೆ ಕೂತಾಗ ಮಾತ್ರ."

"ಹಾಗಾದರೆ ಅದು ಮುಟ್ಟಲ್ಲಮ್ಮ. ಮೂತ್ರದಲ್ಲೇ ರಕ್ತ ಹೋಗ್ತಾ ಇದೆ."

"ಮುಟ್ಟಲ್ವಾ?"

"ಅಲ್ಲ."

"ಸರಿಯಾಗಿ ನೋಡಿ ಹೇಳಿ. ಖಂಡಿತ ಅಲ್ಲವಾ?"

"ಖಂಡಿತ ಅಲ್ಲ. ಅದಕ್ಕೇ ನಾನು ಹೇಳೋದು ಕೇಳಿ..."

ತುಂಗಕ್ಕನಿಗೆ ಮುಂದಿನದ್ದು ಕೇಳಿಸಲಿಲ್ಲ. ಹಿರೇಕೊಡಿಗೆಯ ವಡೆ ಶುದ್ಧವಾಗಿತ್ತು, ಪಾಯಸ ಶುದ್ಧವಾಗಿತ್ತು, ಭಟ್ಟರ ಪಿತೃಗಳು ತೃಪ್ತರಾಗಿಯೇ ಎದ್ದಿದ್ದರು. ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಅವಳು ಡಾಕ್ಟ್ರಮ್ಮನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು, ಸಂತೋಷಕ್ಕೆ. ಡಾಕ್ಟ್ರಮ್ಮ ಗಾಬರಿಯಾಗಿ ಹೊರಗೆ ಬೆಂಚಿನಲ್ಲಿದ್ದ ಗಣಪಯ್ಯನನ್ನು ಒಳಗೆ ಕರೆದರು.

ಮೂತ್ರ ಪರೀಕ್ಷೆಯಾಯಿತು. ಕಣ್ಣಿಗೆ ತಿಳಿಯಾಗಿಯೇ ಇತ್ತು, ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರಕ್ತಕಣ ಕಂಡಿತು. ಡಾಕ್ಟ್ರಮ್ಮ ಗಣಪಯ್ಯನಿಗೆ ನಿಧಾನವಾಗಿ ಬಿಡಿಸಿ ಹೇಳಿದರು. "ಕಲ್ಲಾಗಿದ್ದರೆ ಹೆಚ್ಚಾಗಿ ನೋವು ತಡೆಯೋಕಾಗಲ್ಲ. ಇವರಿಗೆ ನೋವಿಲ್ಲದೆ ರಕ್ತ ಬಂದು, ತಾನಾಗಿ ನಿಂತು, ಮತ್ತೆ ಬಂದಿದೆ. ನಿಂತಿತು ಅಂದರೆ ವಾಸಿಯಾಯಿತು ಅಂತ ಅಲ್ಲ. ಕಿಡ್ನಿಯಲ್ಲೋ ಮೂತ್ರಕೋಶದಲ್ಲೋ ಗಡ್ಡೆ ಇರಬಹುದು. ಇಲ್ಲದೆಯೂ ಇರಬಹುದು. ಇದ್ದರೆ ಈಗ ಸಣ್ಣದಿರುವಾಗಲೇ ಸಿಗಬೇಕು. ಈ ವಾರವೇ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ." ಚೀಟಿ ಬರೆದು ಕೊಟ್ಟರು.

ಬಸ್ಸಿನಲ್ಲಿ ತುಂಗಕ್ಕ ಮೊಳ ಮಲ್ಲಿಗೆ ಮುಡಿದು ಕಿಟಕಿಯ ಹತ್ತಿರ ಕೂತಿದ್ದಳು. "ಈ ವಾರ ಎಲ್ಲಿಗೆ ಹೋಗೋದು? ಉದ್ದು ಬೀಸಿಸಬೇಕು, ಬೆಲ್ಲ ತರಬೇಕು. ಪಕ್ಷ ಕಳೀಲಿ, ಆಮೇಲೆ ನೋಡೋಣ. ನನಗೀಗ ನೋವೂ ಇಲ್ಲ, ಎಂತದೂ ಇಲ್ಲ."

ಗಣಪಯ್ಯನಿಗೆ ಗೊತ್ತಿತ್ತು. ಪಕ್ಷ ಕಳೆದರೆ ನವರಾತ್ರಿ, ನವರಾತ್ರಿ ಕಳೆದರೆ ಕಾರ್ತಿಕದ ತಿಥಿಗಳು, ಅಷ್ಟರಲ್ಲಿ ಪುಷ್ಯ. ಮೂರು ದಿನ ಅವರು ಅವರಿಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದರು. ಅಂದರೆ ಚೀಟಿಯನ್ನು ದೇವರ ಗೂಡಿನಲ್ಲಿ ಇಟ್ಟರು, ಊಟದ ಮಣೆಯ ಹತ್ತಿರ ಇಟ್ಟರು, ಅವಳ ದಿಂಬಿನ ಮೇಲೆ ಇಟ್ಟರು. ಅವಳು ತೆಗೆದು ಪಕ್ಕಕ್ಕಿಡುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ತುಂಗಕ್ಕ ಬೆಲ್ಲಕ್ಕೆಂದು ಶೃಂಗೇರಿ ಪೇಟೆಗೆ ಹೋದಾಗ ಗಣಪಯ್ಯ ಫೋನಿನ ಮುಂದೆ ಕೂತು ಹಿರೇಕೊಡಿಗೆಯ ನಂಬರು ತಿರುಗಿಸಿದರು.

"ಅನ್ನಪೂರ್ಣೇಶ್ವರಮ್ಮನವರೇ, ಒಂದು ವಿಷಯ. ತುಂಗೆಗೆ ಮತ್ತೆ ಹೊರಗೆ ಆಗ್ತಾ ಇದೆ. ಯಾವ ದಿನ ಅಂತ ಹೇಳೋ ಹಾಗೇ ಇಲ್ಲ. ನಿಮ್ಮಲ್ಲೇ ಇಟ್ಟುಕೊಳ್ಳಿ."

ಕೊನೆಯ ಮಾತನ್ನು ಅವರು ಬೇಕೆಂದೇ ಸೇರಿಸಿದ್ದು.

ಮರುದಿನ ಮಧ್ಯಾಹ್ನದೊಳಗೆ ಏಳು ಮನೆಯವರು ಫೋನು ಮಾಡಿ ಈ ಸಲ ಬೇಡ ತುಂಗಕ್ಕ ಎಂದರು. ಒಬ್ಬರಿಗೆ ಸೂತಕ, ಇನ್ನೊಬ್ಬರ ತಂಗಿ ಬರುತ್ತಾಳೆ, ಮತ್ತೊಬ್ಬರು ಬೇರೆ ಅಡುಗೆಯವರಿಗೆ ಹೇಳಿಬಿಟ್ಟಿದ್ದಾರೆ. ಸಂಜೆಗೆ ಹತ್ತಾಯಿತು. ಹನ್ನೊಂದನೆಯವಳು ನರಸಿಂಹರಾಜಪುರ ಕಡೆಯ ನೇರ ಬಾಯಿಯ ಹೆಂಗಸು. "ನಿಮಗೆ ಮತ್ತೆ ಶುರುವಾಗಿದೆಯಂತಲ್ಲ, ನಿಮ್ಮ ಯಜಮಾನರೇ ಹೇಳಿದರಂತೆ" ಎಂದುಬಿಟ್ಟಳು.

ತುಂಗಕ್ಕ ಫೋನು ಇಟ್ಟು ಗಂಡನ ಕಡೆ ತಿರುಗಿದಳು. "ನೀವಾ?"

"ಹೌದು."

"ಅದು ಮುಟ್ಟಲ್ಲ ಅಂತ ಡಾಕ್ಟ್ರಮ್ಮ ನಿಮಗೂ ಬಿಡಿಸಿ ಹೇಳಿದ್ದಲ್ದಾ?"

"ಹೇಳಿದ್ದಾರೆ. ಸ್ಕ್ಯಾನಿಗೂ ಹೇಳಿದ್ದಾರೆ. ಸೋಮವಾರ ಏಳು ಗಂಟೆಗೆ ಬಸ್ಸು."

ಎಂಟು ವರ್ಷ ಒಲೆಯ ಮುಂದೆ ಬೆಂದು ಕಟ್ಟಿದ ಹೆಸರನ್ನು ಈ ಮನುಷ್ಯ ಒಂದು ಫೋನಿನಲ್ಲಿ ಮಣ್ಣುಪಾಲು ಮಾಡಿದ್ದ. ಅವಳು ಅವರೊಡನೆ ಮಾತು ಬಿಟ್ಟಳು. ಬಡಿಸುವಾಗ ಸೌಟು ತಟ್ಟೆಗೆ ಕುಟ್ಟುತ್ತಿತ್ತು, ಅಷ್ಟೇ. ಸೋಮವಾರ ಬೇರೆ ಕೆಲಸವೇನೂ ಇಲ್ಲದ್ದರಿಂದ ಬಸ್ಸು ಹತ್ತಿದಳು, ಗಂಡನಿಗಿಂತ ನಾಲ್ಕು ಸೀಟು ಮುಂದೆ ಕೂತಳು.

ಶಿವಮೊಗ್ಗದಲ್ಲಿ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಓಡಿಸುತ್ತಿದ್ದ ಡಾಕ್ಟರು ಬಲಗಡೆ ಬೇಗ ಮುಗಿಸಿದರು. ಎಡಗಡೆಗೆ ಬಂದವರು ನಿಂತರು. ಅಲ್ಲೇ ಹಿಂದೆ ಮುಂದೆ ಆಡಿಸಿದರು, ಉಸಿರು ಹಿಡಿಯಿರಿ ಎಂದರು, ಇನ್ನೊಬ್ಬರನ್ನು ಕರೆದು ತೋರಿಸಿದರು. ಎಡ ಕಿಡ್ನಿಯಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ, ಹೆಚ್ಚುಕಡಿಮೆ ಒಂದು ಸಣ್ಣ ನಿಂಬೆಹಣ್ಣಿನಷ್ಟು. ಅದನ್ನು ಕೇಳಿದ ಮೇಲೆಯೇ ತುಂಗಕ್ಕನಿಗೆ ಹೆದರಿಕೆಯಾದದ್ದು. ತನ್ನೊಳಗೆ ಒಂದು ವಸ್ತು ಬೆಳೆಯುತ್ತಾ ಕೂತಿತ್ತು, ತಾನು ಅದಕ್ಕೆ ಮೂರು ಮೂರು ದಿನ ಹೊರಗೆ ಕೂತು ಮರ್ಯಾದೆ ಮಾಡಿದ್ದಳು.

ಮುಂದಿನದ್ದು ಬೇಗ ನಡೆಯಿತು. ದೊಡ್ಡ ಆಸ್ಪತ್ರೆ, ಇನ್ನೊಂದು ಸ್ಕ್ಯಾನು, ಆಪರೇಷನ್. ಎಡ ಕಿಡ್ನಿಯನ್ನು ಪೂರ್ತಿ ತೆಗೆದರು. ಒಂದು ಕಿಡ್ನಿ ಚೆನ್ನಾಗಿದ್ದರೆ ಮನುಷ್ಯನಿಗೆ ಸಾಕಾಗುತ್ತದಂತೆ. ವಾರದ ಮೇಲೆ ವರದಿ ಬಂತು. ಕ್ಯಾನ್ಸರ್ ಹೌದು, ಆದರೆ ಕಿಡ್ನಿಯ ಗಡಿ ದಾಟಿರಲಿಲ್ಲ. ಬೇರೆ ಔಷಧಿ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡರಾಯಿತು. "ಪಕ್ಕೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಬರುವವರೇ ಜಾಸ್ತಿ. ನಿಮ್ಮನ್ನು ಇಷ್ಟು ಬೇಗ ಕಳಿಸಿದ್ದು ಯಾರು?" ಎಂದು ಸರ್ಜನ್ ಕೇಳಿದರು. ತುಂಗಕ್ಕ ಹೊದಿಕೆ ಎಳೆದುಕೊಂಡಳು.

ಸರ್ಜನ್ ಹೋದ ಮೇಲೆ, ಗಣಪಯ್ಯ ಬದಿಯ ಸ್ಟೂಲಿನಲ್ಲಿ ಕೂತು ಗಂಜಿ ಆರಿಸುತ್ತಿದ್ದಾಗ, ಅವಳು ಮೂರು ವಾರದ ಮೇಲೆ ಮಾತಾಡಿದಳು.

"ಸುಳ್ಳು ಎಂತಕ್ಕೆ ಹೇಳಿದ್ದು? ಮೂತ್ರದಲ್ಲಿ ರಕ್ತ ಹೋಗ್ತಾ ಇದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತಲ್ಲ."

"ಹೇಳಿದ್ದರೆ ಹನ್ನೊಂದು ಮನೆಯವರೂ ಉಷ್ಣ ಮಾರಾಯ್ತಿ, ಎಳನೀರು ಕುಡಿ, ಬಾರ್ಲಿ ನೀರು ಕುಡಿ, ನಾಡಿದ್ದು ನಮ್ಮಲ್ಲಿಗೆ ಬಾ ಅಂತಿದ್ದರು. ನೀನೂ ಕುಡ್ಕೊಂಡು ಹೋಗ್ತಿದ್ದೆ."

ಅದು ನಿಜ ಎಂದು ತುಂಗಕ್ಕನಿಗೆ ಗೊತ್ತಿತ್ತು. ಆದರೂ ಬಿಡಲಿಲ್ಲ. "ನನ್ನ ಹೆಸರು ಹೋಯ್ತಲ್ಲ."

"ಹೋಯ್ತು." ಗಣಪಯ್ಯ ಗಂಜಿಯ ಲೋಟ ಕೆಳಗಿಟ್ಟರು. "ಹೆಸರು ಹೋದರೆ ನೀನು ನನಗೆ ದಿನಾ ಬೈತೀ. ಬೈಸಿಕೊಂಡು ಇರ್ತೇನೆ. ನೀನೇ ಹೋದರೆ ನಾನು ಎಂತ ಮಾಡ್ಲಿ ತುಂಗೆ? ನನಗೆ ಹೆದರಿಕೆ ಆಯ್ತು."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಇಷ್ಟು ಉದ್ದ ಮಾತಾಡಿದ್ದೇ ಇಲ್ಲ. ತುಂಗಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಹೊಲಿಗೆ ಎಳೆಯುತ್ತಿತ್ತು, ಅಳಲೂ ಆಗುತ್ತಿರಲಿಲ್ಲ. ಈ ಮನುಷ್ಯನ ಮೇಲೆ ತನಗೆ ಇಷ್ಟೊಂದು ಪ್ರೀತಿಯಿದೆ ಎನ್ನುವುದು ಅವಳಿಗೇ ಹೊಸ ಸುದ್ದಿಯಾಗಿತ್ತು. ಹಾಗೇ ಗೋಡೆ ನೋಡುತ್ತಾ, ಗಂಜಿ ಆರಿತಾ ಎಂದು ಕೇಳಿದಳು.

ಕಾರ್ತಿಕ ಬಂತು. ಅಡ್ಡಗದ್ದೆಯ ಮನೆಯ ಫೋನು ರಿಂಗಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ತುಂಗಕ್ಕ ಎದ್ದು, ಮಿಂದು, ಕುರ್ಚಿ ಎಳೆದು ಫೋನಿನ ಮುಂದೆ ತಾನೇ ಕೂತಳು. ಮುಟ್ಟು ಎಂದು ಪಿಸುಗುಟ್ಟುವುದು ಅಭ್ಯಾಸವಿತ್ತು, ಮೂತ್ರ ಎಂದು ಗಟ್ಟಿಯಾಗಿ ಹೇಳಿದ್ದು ಡಾಕ್ಟರ ಮುಂದೆ, ಗಂಡನ ಮುಂದೆ ಮಾತ್ರ. ಮೊದಲನೇ ಮನೆಗೆ ಹೇಳುವಾಗ ನಾಲಿಗೆ ತೊಡರಿತು. ಮೂರನೆಯದಕ್ಕೆ ಸಲೀಸಾಯಿತು. "ನನಗೆ ಆದದ್ದು ಮುಟ್ಟಲ್ಲ. ಮೂತ್ರದಲ್ಲಿ ರಕ್ತ. ಕಿಡ್ನಿಯಲ್ಲಿ ಕ್ಯಾನ್ಸರ್ ಇತ್ತು, ತೆಗೆಸಿಕೊಂಡು ಬಂದೆ. ನಮ್ಮ ಮನೆಯವರು ಹೇಳಿದ್ದು ಸುಳ್ಳು. ಕೆಲಸಕ್ಕೆ ಕರೀರಿ, ಬಿಡಿ, ಅದು ನಿಮಗೆ ಬಿಟ್ಟದ್ದು. ನಿಮ್ಮಲ್ಲಿ ಯಾರಿಗಾದರೂ ಒಂದೇ ಒಂದು ಸಲ ಹಾಗೆ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ, ಡಾಕ್ಟರಿಗೆ ತೋರಿಸಿ." ಕೆಲವರು ಅಯ್ಯೋ ಪಾಪ ಎಂದರು. ಒಬ್ಬಳು ಬೇರೆ ಮಾತು ತೆಗೆದಳು. ಒಳಗೆ ಗಣಪಯ್ಯ ತೆಂಗಿನಕಾಯಿ ತುರಿಯುವುದು ನಿಲ್ಲಿಸಿ ಕೇಳುತ್ತಿದ್ದರು.

ಹಿರೇಕೊಡಿಗೆಯದ್ದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅನ್ನಪೂರ್ಣೇಶ್ವರಮ್ಮನೇ ಎತ್ತಿದರು. ತುಂಗಕ್ಕ ಹೇಳುತ್ತಾ ಹೋದಳು. ನಡುವೆ ಬಾಯಿ ಹಾಕುತ್ತಾರೆ, ಹತ್ತು ಪ್ರಶ್ನೆ ಕೇಳುತ್ತಾರೆ ಎಂದುಕೊಂಡಿದ್ದರೆ ಆ ಕಡೆಯಿಂದ ಒಂದು ಸದ್ದಿಲ್ಲ. ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ ಯಾವತ್ತೂ ಕೇಳದ ಸಣ್ಣ ದನಿಯಲ್ಲಿ ಮುದುಕಿ ಕೇಳಿದರು.

"ತುಂಗಾ, ಕೊಪ್ಪದ ಆ ಡಾಕ್ಟ್ರಮ್ಮ ಯಾವ ಯಾವ ದಿನ ಸಿಗ್ತಾರೆ?"

ತುಂಗಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎಷ್ಟು ಸಲ ಕಂಡಿದೆ?"

"ನಾಲ್ಕು. ಶ್ರಾವಣದಿಂದ."

"ಯಾರಿಗೆ ಹೇಳಿದ್ದೀರಿ?"

"ಈಗ ನಿನಗೆ."

"ನಾಳೆ ಮೊದಲನೇ ಬಸ್ಸಿಗೆ ಕೊಪ್ಪಕ್ಕೆ ಬನ್ನಿ" ಎಂದಳು ತುಂಗಕ್ಕ. "ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರ್ತೇನೆ."